ಬಸ್ಸಿನ ಮರೆ

ಬುಕ್ಕಾಂಬುಧಿಯಿಂದ ಹೊರಟು ಅಜ್ಜಂಪುರ, ತರೀಕೆರೆ, ಬೀರೂರು ಹಾದು ಕಡೂರು ಮುಟ್ಟುವ ಬೆಳಗಿನ ಬಸ್ಸಿಗೆ ಪಂಚಾಕ್ಷರಪ್ಪ ಡ್ರೈವರು. ಬಸ್ಸು ಯಾರೋ ಸಾಹುಕಾರರದ್ದು, ಗತ್ತು ಮಾತ್ರ ಪೂರ್ತಿ ಪಂಚಾಕ್ಷರಪ್ಪನದು. ತನ್ನ ಹಾರನ್ನಿನ ಗುರುತು ದಾರಿಯ ಎಮ್ಮೆಗಳಿಗೂ ಇದೆ ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಆ ಬಸ್ಸಿನ ಬೆನ್ನಿಗೆ ಬಿದ್ದು ಏಳು ವರ್ಷ ಸೈಕಲ್ ತುಳಿದವನು ಅವನ ತಂಗಿಯ ಮಗ ಓಂಕಾರಮೂರ್ತಿ.

ಓಂಕಾರನಿಗೆ ಬೀರೂರು ಜಂಕ್ಷನ್ನಿನಲ್ಲಿ ರೈಲ್ವೆ ಕೆಲಸ. ಅಜ್ಜಂಪುರದಿಂದ ಹೋಗಲು ರೈಲೂ ಇತ್ತು, ಮಾವನ ಬಸ್ಸೂ ಇತ್ತು. ಎರಡನ್ನೂ ಬಿಟ್ಟು ಸೈಕಲ್ ಹತ್ತುವ ಈ ಹುಡುಗನ ತಲೆಯಲ್ಲಿ ಒಂದು ಸ್ಕ್ರೂ ಸಡಿಲ ಎಂದೇ ಊರು ನಂಬಿತ್ತು. ಒಂದು ದಿನ ಪಂಚಾಕ್ಷರಪ್ಪ ಕನ್ನಡಿಯಲ್ಲಿ ನೋಡಿದರೆ, ಎಷ್ಟು ಜೋರು ಬಿಟ್ಟರೂ ಹುಡುಗ ಹಿಂದೆ ಬೀಳುತ್ತಿಲ್ಲ. "ಲೇ ಗಿಡ್ಡಪ್ಪ, ಇವನ ಕಾಲಲ್ಲಿ ಏನೋ ಐತೆ ಕಣೋ" ಅಂದ ಕಂಡಕ್ಟರಿಗೆ.

ಅಲ್ಲಿಂದ ಅದೊಂದು ಪದ್ಧತಿಯೇ ಆಯಿತು. ಚಕ್ರ ತಾಕಿದರೂ ಹುಡುಗ ಮುಗ್ಗರಿಸದಿರಲಿ ಅಂತ ಹಿಂದಿನ ಬಂಪರಿಗೆ ಹುಲ್ಲು ತುಂಬಿದ ಗೋಣಿಚೀಲ ಕಟ್ಟಿದರು. ಗಿಡ್ಡಪ್ಪ ಕೊನೇ ಸೀಟಿನಲ್ಲಿ ಹಿಂದಕ್ಕೆ ತಿರುಗಿ ಕೂತು, ಹುಡುಗ ಸೋತರೆ ಒಂದು ವಿಷಲ್, ಚುರುಕಾದರೆ ಎರಡು ವಿಷಲ್ ಊದುತ್ತಿದ್ದ. ಆಷಾಢದಲ್ಲಿ ಅಜ್ಜಂಪುರದ ಬಯಲಿನ ಗಾಳಿ ಹೆಗಲ ಮೇಲಿನ ಟವೆಲನ್ನು ಪಕ್ಕದೂರಿಗೆ ಮುಟ್ಟಿಸುವಂಥದ್ದು. ಆದರೆ ಬಸ್ಸಿನ ಮರೆಯಲ್ಲಿದ್ದವನಿಗೆ ಅದು ತಾಕುತ್ತಲೇ ಇರಲಿಲ್ಲ. ಪ್ಯಾಸೆಂಜರುಗಳು ಮೊದಮೊದಲು ಗೊಣಗಿದರು, ಆಮೇಲೆ ಹಿಂದಿನ ಸೀಟಿಗೇ ಕಿತ್ತಾಡಿದರು.

ಹೀಗೆ ತುಳಿದ ಕಾಲು ರೈಲ್ವೆ ರೇಸಿನಲ್ಲಿ ಗೆದ್ದಿತು, ರಾಜ್ಯದಲ್ಲಿ ಗೆದ್ದಿತು. ಗುಂಪಿನ ನಡುವೆ ಮರೆ ಹಿಡಿದು ಕೂತಿದ್ದು ಕೊನೆಯಲ್ಲಿ ಚಿಮ್ಮುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಎಂಬತ್ತೊಂದನೇ ಇಸವಿಯ ಬೇಸಿಗೆಯಲ್ಲಿ ಬಲ್ಗೇರಿಯಾ ದೇಶದ ಒಂಬತ್ತು ದಿನದ ರೇಸಿಗೆ ನಮ್ಮ ದೇಶದಿಂದ ಹೊರಟ ಆರು ಜನರಲ್ಲಿ ಅಜ್ಜಂಪುರದ ಓಂಕಾರಮೂರ್ತಿಯೂ ಒಬ್ಬ. "ನನ್ನ ಬಸ್ಸಿನ ಹಿಂದೆ ಕಲಿತೋನು ಕಣ್ರೀ" ಎಂದು ಪಂಚಾಕ್ಷರಪ್ಪ ಒಂದು ತಿಂಗಳು ಹತ್ತಿದವರಿಗೂ ಹೇಳಿದ, ಇಳಿದವರಿಗೂ ಹೇಳಿದ.

ಅಲ್ಲಿ ದಿನಕ್ಕೆ ನೂರೈವತ್ತು ಕಿಲೋಮೀಟರು, ಇವತ್ತು ಈ ಊರಿಂದ ಆ ಊರಿಗೆ, ನಾಳೆ ಅಲ್ಲಿಂದ ಇನ್ನೊಂದೂರಿಗೆ. ಒಂಬತ್ತು ದಿನದ ಹೊತ್ತನ್ನೂ ಕೂಡಿಸಿ ಗೆದ್ದವರು ಯಾರೆಂದು ಹೇಳುತ್ತಾರೆ. ತೀರಾ ತಡವಾಗಿ ಬಂದವನು ಆ ಸಂಜೆಯೇ ಗಂಟುಮೂಟೆ ಕಟ್ಟಬೇಕು. ಗೆಲ್ಲುವ ಮಾತು ನಮ್ಮವರ ಕನಸಿನಲ್ಲೂ ಇರಲಿಲ್ಲ. ಒಂಬತ್ತನೇ ದಿನದ ಗೆರೆ ದಾಟಿದರೆ ಅದೇ ದೊಡ್ಡದು. ಐದನೇ ದಿನದ ಹೊತ್ತಿಗೆ ಆರರಲ್ಲಿ ಮೂವರು ಉಳಿದಿದ್ದರು. ಓಂಕಾರ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಬ್ರೆಡ್ಡಿಗೆ ಅವ್ವನ ಚಟ್ನಿಪುಡಿ ಹಚ್ಚಿಕೊಂಡು, ಬಟ್ಟಲುಗಟ್ಟಲೆ ಮೊಸರು ಕುಡಿದು ಹೊರಡುತ್ತಿದ್ದ. ಆ ದೇಶದ ಮೊಸರಿಗೆ ಹೆಸರಿಡುವ ಹಾಗಿರಲಿಲ್ಲ.

ಆರನೇ ದಿನ ಬಟಾಬಯಲು, ಎದುರುಗಾಳಿ. ನಡುದಾರಿಯಲ್ಲಿ ಅವನ ಹಿಂದಿನ ಚಕ್ರ ಪಂಕ್ಚರಾಯಿತು. ಚಕ್ರ ಬದಲಿಸುವಷ್ಟರಲ್ಲಿ ಗುಂಪು ಕಣ್ಮರೆ. ಒಬ್ಬನೇ ಗಾಳಿಗೆ ಎದೆಯೊಡ್ಡಿದರೆ ಸೈಕಲ್ ನೆಲ ಕಚ್ಚಿಕೊಂಡಂತಾಯಿತು. ಇಪ್ಪತ್ತಾರು ವರ್ಷದ ಆ ಗಂಡಾಳಿಗೆ ಗಾಳಿ ಅಂದರೆ ಏನೆಂದು ಗೊತ್ತಾಗಿದ್ದು ಅವತ್ತೇ. ಅಷ್ಟರಲ್ಲಿ ಹಿಂದಿನಿಂದ ಪತ್ರಿಕೆಯವರ ಬಸ್ಸು ಬಂತು. ಡೀಸೆಲ್ ವಾಸನೆ ಬಂತು, ಗೇರು ಬದಲಾದ ಸದ್ದು ಕೇಳಿತು. ವಾಹನದ ಮರೆ ಹಿಡಿಯಬಾರದು ಎಂಬ ನಿಯಮವನ್ನು ಮೊದಲ ದಿನವೇ ಓದಿ ಹೇಳಿದ್ದರು. ಓಂಕಾರ ಕೇಳಿಸಿಕೊಂಡಿದ್ದ, ಆದರೆ ಕಾಲುಗಳಿಗೆ ಯಾರೂ ಹೇಳಿರಲಿಲ್ಲ. ಏಳು ವರ್ಷದ ಅಭ್ಯಾಸ, ತಾನಾಗಿಯೇ ಹೋಗಿ ಬಸ್ಸಿನ ಬೆನ್ನಿಗೆ ಅಂಟಿಕೊಂಡಿತು. ಹನ್ನೊಂದು ಕಿಲೋಮೀಟರು ಅವನಿಗೆ ತರೀಕೆರೆ ರಸ್ತೆಯಲ್ಲೇ ಇದ್ದ ಹಾಗಿತ್ತು. ಗುಂಪು ಸೇರಿದ, ಗೆರೆಯನ್ನೂ ದಾಟಿದ. ಸಂಜೆ ತೀರ್ಪುಗಾರರು ಅವನ ಹೆಸರು ಹೊಡೆದುಹಾಕಿದರು.

ತಂಡದ ಮ್ಯಾನೇಜರ್ ಸಾಹೇಬರು ಬೈಯಲಿಲ್ಲ, ಅದರಿಂದಲೇ ಅವನಿಗೆ ಹೆಚ್ಚು ನೋವಾಯಿತು. "ನಿನ್ನ ಕಾಲು ಚೆನ್ನಾಗಿದೆ, ಗಾಳಿ ಗೊತ್ತಿಲ್ಲ. ಶ್ರಾವಣದಲ್ಲಿ ಮುಂದಿನ ತಂಡಕ್ಕೆ ಪರೀಕ್ಷೆ ಇದೆ. ಎಂಬತ್ತು ಕಿಲೋಮೀಟರು, ಒಬ್ಬೊಬ್ಬರೇ ತುಳಿಯಬೇಕು. ಗಾಳಿ ಕಲಿತರೆ ಬಾ, ಇಲ್ಲದಿದ್ದರೆ ಬರಬೇಡ" ಎಂದರು.

ಬೀರೂರಿನಲ್ಲಿ ರೈಲಿಳಿದರೆ ನಿಲ್ದಾಣದ ಮುಂದೆ ಬಸ್ಸು ನಿಲ್ಲಿಸಿಕೊಂಡು ಪಂಚಾಕ್ಷರಪ್ಪ ಕಾಯುತ್ತಿದ್ದ. ಗಿಡ್ಡಪ್ಪನ ಕೈಯಲ್ಲಿ ಸೇವಂತಿಗೆ ಹಾರ. ಹುಡುಗ ಆರನೇ ದಿನ ರೇಸಿನಿಂದ ಹೊರಬಿದ್ದ ಎಂದಷ್ಟೇ ಪೇಪರಿನಲ್ಲಿ ಬಂದಿತ್ತು.

"ಏನಾಯ್ತೋ?" ಅಂದ ಮಾವ.

ಕಿಟಕಿಗಳಲ್ಲಿ ಇಪ್ಪತ್ತು ತಲೆ. ಮಾವ ಅವತ್ತು ಇಸ್ತ್ರಿ ಮಾಡಿದ ಖಾಕಿ ತೊಟ್ಟಿದ್ದ. ಆ ಮುಖ ನೋಡಿ ನಿಜ ಹೇಳಲು ಓಂಕಾರನಿಗೆ ಬಾಯಿ ಬರಲಿಲ್ಲ. "ಸೈಕಲ್ ಕೆಟ್ಟೋಯ್ತು ಮಾವ" ಅಂದುಬಿಟ್ಟ.

"ಅಷ್ಟೇ ತಾನೆ? ಸೈಕಲ್ ಕೈ ಕೊಟ್ರೆ ಮನುಷ್ಯ ಏನ್ ಮಾಡ್ತಾನೆ, ಬಿಡು. ಮುಂದಿನ್ ಸಲಕ್ಕೆ ನಾನು ಇನ್ನೂ ಜೋರಾಗಿ ಬಿಡ್ತೀನಿ, ಬಾ" ಎಂದು ಪಂಚಾಕ್ಷರಪ್ಪ ಹಾರ ಹಾಕಿದ. ಅದು ಕತ್ತಿನಲ್ಲಿ ಚುಚ್ಚುತ್ತಲೇ ಇತ್ತು.

ಮಾರನೇ ಬೆಳಿಗ್ಗೆಯಿಂದ ಮಾವ ಮನೆಯ ಮುಂದೆ ಹಾರನ್ ಹೊಡೆಯುವುದೂ, ಓಂಕಾರ ಕಾಲುನೋವು, ಜ್ವರ ಅನ್ನುವುದೂ ಶುರುವಾಯಿತು. ಬಸ್ಸಿನ ಹಿಂದೆ ಹೋದರೆ ಗಾಳಿ ಕಲಿಯುವ ಹಾಗಿಲ್ಲ, ಬರುವುದಿಲ್ಲ ಎಂದರೆ ಏಳು ವರ್ಷ ತಪ್ಪು ಕಲಿಸಿದೆ ಎಂದಂತೆ. ಅವನಿಗೆ ಅತ್ತ ದರಿ, ಇತ್ತ ಪುಲಿ. ಒಂದು ದಿನ ಅವನ ತಾಯಿ ವಿಮಲಮ್ಮ ರೊಟ್ಟಿ ಬಡಿಯುತ್ತಾ ಕೇಳಿದಳು: "ನಿಮ್ ಮಾವ ಎಂಟು ದಿನದಿಂದ ನಮ್ಮನೇಲಿ ಕಾಫಿ ಕುಡ್ದಿಲ್ಲ ಕಣೋ. ಏನಂದೆ ಅವನಿಗೆ?"

"ಏನೂ ಅಂದಿಲ್ಲವ್ವ."

"ಅದೇ ನೀನ್ ಮಾಡಿರೋ ತಪ್ಪು."

ಆಷಾಢ ಬಂತು. ಓಂಕಾರ ಕತ್ತಲೆ ಹರಿಯುವ ಮೊದಲೇ ಬುಕ್ಕಾಂಬುಧಿಯ ಕೆರೆ ಏರಿಯ ತನಕ ಹೋಗಿ, ಎದುರುಗಾಳಿಯಲ್ಲಿ ವಾಪಸು ತುಳಿಯುತ್ತಿದ್ದ. ಬಸ್ಸು ಹೊರಡುವುದರೊಳಗೆ ಮನೆ ಸೇರಿಬಿಡುತ್ತಿದ್ದ, ಕೆಲಸಕ್ಕೆ ರೈಲಿನಲ್ಲಿ ಹೋಗುತ್ತಿದ್ದ. ಕಳ್ಳನಂತೆ ಸೈಕಲ್ ತುಳಿಯುವ ದಿನ ಬಂತಲ್ಲ ಎಂದು ಅವನಿಗೆ ನಾಚಿಕೆ. ಒಂದು ದಿನ ಗಾಳಿ ಎಷ್ಟು ಜೋರಿತ್ತೆಂದರೆ ಹೊತ್ತು ಮೀರಿತು, ಹಿಂದಿನಿಂದ ಬಸ್ಸು ಬಂದೇಬಿಟ್ಟಿತು. ಮಾವ ಅವನನ್ನು ದಾಟಿ ಮುಂದೆ ಬಂದು, ರೂಢಿಯಂತೆ ನಿಧಾನ ಮಾಡಿ ಮರೆ ಕೊಟ್ಟ. ಗಿಡ್ಡಪ್ಪ ವಿಷಲ್ ಊದಿದ. ಓಂಕಾರ ಬ್ರೇಕು ಹಿಡಿದು ಹಿಂದೆ ಉಳಿದ. ಬಸ್ಸು ಇನ್ನೂ ನಿಧಾನವಾಯಿತು, ಅವನು ಪೂರ್ತಿ ನಿಂತ.

ಪಂಚಾಕ್ಷರಪ್ಪ ಇಳಿದು ಬಂದ. "ಜ್ವರ ಅಂದೆ?"

ಓಂಕಾರ ಸೈಕಲ್ಲಿನಿಂದ ಇಳಿದ.

"ಫಾರಿನ್ ನೀರು ಕುಡಿದ್ಮೇಲೆ ಮಾವನ ಬಸ್ಸು ಗುಜರಿ ಆಗೋಯ್ತೇನಪ್ಪಾ?"

ಆ ಮಾತನ್ನು ಓಂಕಾರನಿಗೆ ತಡೆದುಕೊಳ್ಳಲಾಗಲಿಲ್ಲ. "ಸೈಕಲ್ ಕೆಟ್ಟಿರ್ಲಿಲ್ಲ ಮಾವ, ಸುಳ್ಳು ಹೇಳ್ದೆ. ಅಲ್ಲೊಂದು ಬಸ್ಸು ಬಂತು, ನಾನು ಅದರ ಹಿಂದೆ ಹೋದೆ. ಅಲ್ಲಿ ಅದು ತಪ್ಪು. ಅದಕ್ಕೇ ಆಚೆಗ್ ಹಾಕಿದ್ರು."

ಪಂಚಾಕ್ಷರಪ್ಪ ಟವೆಲಿನಿಂದ ಒಣಗಿದ ಮುಖವನ್ನೇ ಒರೆಸಿಕೊಂಡ. "ಹಂಗಾದ್ರೆ ಏಳು ವರ್ಷ ನಾನು ಕಲ್ಸಿದ್ದು?"

"ನೀನಿಲ್ದಿದ್ರೆ ಅಲ್ಲೀಗಂಟ ನಾನು ಹೋಗ್ತಾನೇ ಇರ್ಲಿಲ್ಲ ಮಾವ. ಆದ್ರೆ ಗಾಳಿ ಅಂದ್ರೇನು ಅಂತ ನಂಗೊತ್ತಿಲ್ಲ. ಇನ್ಮೇಲೆ ಒಬ್ನೇ ತುಳೀಬೇಕು."

"ಹೊತ್ತಾಯ್ತದೆ ಹೊರಡ್ರಪ್ಪೋ, ಬೆಣ್ಣೆ ಕರಗ್ತದೆ" ಎಂದು ತರೀಕೆರೆಗೆ ಬೆಣ್ಣೆ ಮಾರಲು ಹೊರಟಿದ್ದ ಈರಕ್ಕ ಕಿಟಕಿಯಿಂದ ಕೂಗಿದಳು. ಪಂಚಾಕ್ಷರಪ್ಪ ಹೋಗಿ ಸ್ಟೇರಿಂಗ್ ಹಿಡಿದ. ಬಸ್ಸು ಹೋಯಿತು. ಓಂಕಾರನಿಗೆ ತನ್ನ ಕೈಯಾರೆ ಏನನ್ನೋ ಮುರಿದು ಹಾಕಿದಂತಾಯಿತು.

ಆಮೇಲೆ ನಾಲ್ಕು ದಿನ ಅವನ ಮನೆಯ ಮುಂದೆ ಹಾರನ್ ಇಲ್ಲ. ಬಸ್ಸು ಬರುತ್ತಿತ್ತು, ಹೋಗುತ್ತಿತ್ತು, ಮಾವ ಈ ಕಡೆ ಕತ್ತು ಹೊರಳಿಸುತ್ತಿರಲಿಲ್ಲ. ಓಂಕಾರ ಇನ್ನು ಕದ್ದು ತುಳಿಯುವುದೇಕೆಂದು ಬೀರೂರಿನ ಕೆಲಸಕ್ಕೆ ಸೈಕಲ್ಲಿನಲ್ಲೇ ಹೊರಡತೊಡಗಿದ. ಬಸ್ಸು ಊರು ಬಿಡುವ ಹೊತ್ತು ದಾಟಿದ ಮೇಲೆ ಅವನು ಮನೆ ಬಿಡುತ್ತಿದ್ದ.

ಐದನೇ ದಿನ ಬಸ್ಸೇ ತಡವಾಗಿರಬೇಕು. ಅಜ್ಜಂಪುರ ದಾಟಿ ತರೀಕೆರೆ ರಸ್ತೆಯ ಬಯಲಿಗೆ ಬಂದಾಗ ಬೆನ್ನ ಹಿಂದೆ ಆ ಇಂಜಿನ್ನಿನ ಸದ್ದು ಕೇಳಿತು. ಬಲಗಡೆಯಿಂದ ಗಾಳಿ ಹೊಡೆಯುತ್ತಿತ್ತು, ತೊಡೆ ಆಗಲೇ ಸುಸ್ತಾಗಿತ್ತು. ಮಾವ ಮುಂದೆ ಬಂದು ಮರೆ ಕೊಟ್ಟರೆ ಇವತ್ತು ಬೇಡ ಅನ್ನುವ ಧೈರ್ಯ ಓಂಕಾರನಿಗಿರಲಿಲ್ಲ. ನಿಜ ಹೇಳಬೇಕೆಂದರೆ, ಕೊಡಲಿ ಎಂದೇ ಮನಸ್ಸು ಬೇಡುತ್ತಿತ್ತು.

ಬಸ್ಸು ಪಕ್ಕಕ್ಕೆ ಬಂತು. ಆದರೆ ಹತ್ತಿರ ಬರಲಿಲ್ಲ. ಬಲಗಡೆಯ ಚಕ್ರಗಳು ಟಾರು ಬಿಟ್ಟು ಕೆಸರಿಗಿಳಿದವು, ಬಸ್ಸು ವಾಲಿತು, ಒಳಗಿನಿಂದ ಈರಕ್ಕನ ಬೈಗುಳ ಕೇಳಿಸಿತು. ಗಾಳಿಗೆ ಒಂದಿಷ್ಟೂ ಅಡ್ಡ ಬರದ ಹಾಗೆ, ರಸ್ತೆಯ ಆ ಅಂಚನ್ನೇ ಹಿಡಿದು, ಪಂಚಾಕ್ಷರಪ್ಪ ಎಂದೂ ಬಿಡದಷ್ಟು ಜೋರಾಗಿ ದಾಟಿಹೋದ. ಹೋಗುವಾಗ ಒಂದೇ ಸಲ ತಿರುಗಿ ನೋಡಿದ. ಅವನ ಕಣ್ಣುಗಳು ಕೆಂಪಾಗಿದ್ದವು.

"ಹಿಂದೆ ಬರಬಾರ್ದಂತೆ ಓಂಕಾರಣ್ಣ, ನಿಮ್ ಮಾವ ಹೇಳವ್ರೆ" ಎಂದು ಗಿಡ್ಡಪ್ಪ ಹಿಂದಿನ ಕಿಟಕಿಯಿಂದ ಕೂಗಿದ.

ಬಸ್ಸು ಸಣ್ಣದಾಗುತ್ತಾ ಹೋಯಿತು. ಓಂಕಾರನಿಗೆ ಅಳು ಬಂತು, ಗಾಳಿಗೆ ಅದು ಕೆನ್ನೆಗಿಳಿಯದೆ ಕಿವಿಯ ಕಡೆಗೆ ಹರಿಯಿತು. ಅವನು ತಲೆ ತಗ್ಗಿಸಿ ತುಳಿದ. ತರೀಕೆರೆಗೆ ಇನ್ನೂ ಹತ್ತು ಮೈಲಿ ಇತ್ತು.