ವಸೀಲನ ಗಾಡಿಯ ಎರಡು ಸೈಲೆನ್ಸರ್

ಈ ಕತೆ ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ ಎಂಬ ಅಳುಕಿನಿಂದಲೇ ಶುರು ಮಾಡುತ್ತಿದ್ದೇನೆ. ಸತ್ತವನೇನು ದೊಡ್ಡ ಮನುಷ್ಯನಲ್ಲ. ಗಾಡಿಗಳ ಬಗ್ಗೆ ನನಗೆ ತಿಳಿದದ್ದೂ ಅಷ್ಟಕ್ಕಷ್ಟೆ. ತಪ್ಪಿದ್ದರೆ ಕ್ಷಮಿಸಬೇಕು.

ಸತ್ತ ಗಂಡ ವಸೀಲನ ಪಿಕಪ್ ಗಾಡಿಯ ಅಡಿಯಿಂದ ಹೊರಚಾಚಿದ್ದ ಬೂಟಿಗೆ ಒರೀಸ್ಯಾ ಇನ್ನೊಮ್ಮೆ ಒದ್ದಳು.

"ಏಯ್ ಡ್ಯಾರಿಲ್! ಹೊರಗೆ ಬಾರೋ. ಅಲ್ಲೇನು ಕೊಯ್ತಾ ಇದೀಯ?"

ಕೊಯ್ಯುವ ಯಂತ್ರದ ಕಿರುಚಾಟ ನಿಂತಿತು. ನಾದಿನಿ ಸ್ಟೆಫ್ಕಾಳ ಮಗ ಡ್ಯಾರಿಲ್ ಹಿಮದ ಮೇಲೆ ತೆವಳಿಕೊಂಡು ಬಂದು ಮುಖ ಹೊರಹಾಕಿದ. ನಲವತ್ತು ದಾಟಿದ ಗಂಡಸು. ಅವನ ಗಾಡಿ ಊರಿಗೆ ಬರುವುದು ಎರಡು ಮೈಲಿ ದೂರದಿಂದಲೇ ತಿಳಿಯುತ್ತಿತ್ತು. ಅದೇ ತನ್ನ ಸಾಧನೆ ಎಂದು ಅವನು ನಂಬಿದ್ದ.

"ಸೈಲೆನ್ಸರ್ ತೆಗೀತಿದೀನಿ ಅತ್ತೆ. ಬದುಕಿದ್ದಾಗಂತೂ ಮಾವ ಸದ್ದು ಮಾಡ್ಲಿಲ್ಲ. ಇವತ್ತು ಒಂದಿನ ಆದ್ರೂ ಗುಡ್ಡದ ಮೇಲೆ ಗುಡುಗ್ಲಿ."

"ಅವನಿಗೆ ಕೇಳಿಸತ್ತಾ?"

"ಊರಿಗೆ ಕೇಳಿಸತ್ತೆ."

ಒರೀಸ್ಯಾ ಗಾಡಿಯನ್ನು ನೋಡಿದಳು. ಮೂರು ಬೇಸಿಗೆ ಗಂಡ ಇದರ ಹೊಟ್ಟೆಯಡಿ ಮಲಗಿ ಕಳೆದಿದ್ದ. ಯಾರ ಕಿವಿಗೂ ಬೀಳದ ಕೆಲಸಕ್ಕೆ ಆಯುಷ್ಯ ಸುರಿದವನು ಎಂದು ಧಾನ್ಯದ ಗೋದಾಮಿನಲ್ಲಿ ಜೊತೆಗೆ ತೂಕ ನೋಡುತ್ತಿದ್ದವರು ನಗುತ್ತಿದ್ದರು. ಅವಳೂ ನಕ್ಕಿದ್ದಳು.

"ಕೊಯ್ಕೋ ಹೋಗು. ಹನ್ನೊಂದಕ್ಕೆ ಮುಂಚೆ ಮುಗಿಸು," ಎಂದು ಅವಳು ಚರ್ಚಿನ ಅಡುಗೆಮನೆಗೆ ನಡೆದಳು.

* * *

ಆ ಊರಿನ ಸ್ಮಶಾನ ಗುಡ್ಡದ ಮೇಲಿದೆ. ಚಳಿಗಾಲದಲ್ಲಿ ಹೆಣ ಸಾಗಿಸುವ ಉದ್ದನೆಯ ಕರಿ ಕಾರು ಬುಡದಲ್ಲೇ ನಿಂತುಬಿಡುತ್ತದೆ. ಅಲ್ಲಿಂದ ಮೇಲಕ್ಕೆ ಪೆಟ್ಟಿಗೆಯನ್ನು ಒಯ್ಯುತ್ತಿದ್ದದ್ದು ವಸೀಲನ ಡೀಸೆಲ್ ಪಿಕಪ್. ಮೇಲೆ ಹೋದರೂ ಎಂಜಿನ್ ಬಂದ್ ಮಾಡುವಂತಿರಲಿಲ್ಲ. ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ ಒಮ್ಮೆ ಆರಿದ ಡೀಸೆಲ್ ಎಂಜಿನ್ ಮತ್ತೆ ಚಾಲೂ ಆಗುವ ಭರವಸೆಯಿಲ್ಲ. ಹಾಗಾಗಿ ಪ್ರಾರ್ಥನೆ ಮುಗಿಯುವ ತನಕ ಗಾಡಿ ಗುಂಡಿಗೆ ಬೆನ್ನು ಮಾಡಿಕೊಂಡು ಗುರುಗುಟ್ಟುತ್ತಲೇ ಇರುತ್ತಿತ್ತು.

ಇಪ್ಪತ್ತು ವರ್ಷದ ಹಿಂದೆ ಒರೀಸ್ಯಾಳ ತಾಯಿ ಮರಿಯಾಳನ್ನು ಮಣ್ಣು ಮಾಡಿದ ದಿನವೂ ಹಾಗೆಯೇ. ಪಾದ್ರಿಯ ಗಡ್ಡ ಅಲ್ಲಾಡಿದ್ದು ಕಂಡಿತು, ಮಾತು ಕೇಳಲಿಲ್ಲ. ಸತ್ತವರ ಹೆಸರನ್ನು ಕೊನೆಯ ಸಲ ಗಟ್ಟಿಯಾಗಿ ಹೇಳುವ ಗಳಿಗೆ ಯಾವುದೆಂದೇ ಅವಳಿಗೆ ತಿಳಿಯಲಿಲ್ಲ.

"ನಮ್ಮಮ್ಮನ ಹೆಸರನ್ನ ನಿನ್ನ ಗಾಡಿ ನುಂಗಿಬಿಡ್ತು. ನೀನೂ ಒಬ್ಬ ಮನುಷ್ಯ!" ಎಂದಿದ್ದಳು ಊಟಕ್ಕೆ ಕೂತಾಗ.

ವಸೀಲ "ಹ್ಞೂಂ" ಎಂದು ಬ್ರೆಡ್ಡನ್ನು ಬೀಟ್‌ರೂಟ್ ಸಾರಿಗೆ ಅದ್ದಿದ್ದ.

ಹಿಮ ಕರಗಿದ ಮೇಲೆ ಅವನು ಗಾಡಿಯಡಿ ಸೇರಿಕೊಂಡ. ಮೂರು ಇಂಚಿನ ಹೊಗೆಕೊಳವೆ ಕಿತ್ತು ನಾಲ್ಕು ಇಂಚಿನದು ಹಾಕಿದ. ಯಾಕೆ ಎಂದು ಕೇಳಿದರೆ, "ಗುಡ್ಡ ಹತ್ತೋವಾಗ ಅದಕ್ಕೆ ಉಸಿರು ಕಟ್ಟತ್ತೆ" ಎಂದ. ಕೊಳವೆ ಅಗಲವಾದಷ್ಟೂ ಅಬ್ಬರ ಹೆಚ್ಚಾಯಿತು. ಒಂದು ಉದ್ದನೆಯ ಸೈಲೆನ್ಸರ್ ಕೂರಿಸಿದ. ಆದರೂ ಗುಂಯ್‌ಗುಡುತ್ತಿತ್ತು, ಹಿಂದೆ ಇನ್ನೊಂದು ಸೇರಿಸಿದ. ಕೊಳವೆ ಮೈಗೆ ಬಡಿಯದಂತೆ ರಬ್ಬರಿನಲ್ಲಿ ತೂಗುಹಾಕಿದ. ಮೂರನೆಯ ಬೇಸಿಗೆಯ ಕೊನೆಗೆ ಗಾಡಿ ಮೊದಲಿಗಿಂತ ಸಲೀಸಾಗಿ ಗುಡ್ಡ ಹತ್ತಿತು. ನಿಂತಾಗ ಮಲಗಿದ ಹಸುವಿನಂತೆ ಉಸಿರಾಡಿತು.

"ಗೌರ್ನಮೆಂಟ್ ಪದಕ ಕಳ್ಸತ್ತೆ, ಬಾಗಿಲು ತೆಗೆದಿಟ್ಕೊಂಡಿರು," ಎಂದಿದ್ದಳು ಒರೀಸ್ಯಾ.

* * *

ಅಡುಗೆಮನೆಯಲ್ಲಿ ಸ್ಟೆಫ್ಕಾ ಎಲೆಕೋಸಿನ ಸುರುಳಿಗಳನ್ನು ತಟ್ಟೆಗೆ ಜೋಡಿಸುತ್ತಿದ್ದಳು. ಅಳುವುದಕ್ಕೂ ಬಡಿಸುವುದಕ್ಕೂ ಅವಳಿಗೆ ಒಂದೇ ಮುಖ.

"ಅತ್ತಿಗೆ, ನಮ್ಮಣ್ಣ ಬಾಯಿಬಿಟ್ಟು ಮಾತಾಡಿದ್ದನ್ನ ಯಾವತ್ತಾದ್ರೂ ಕೇಳಿದೀಯಾ?"

"ಮದುವೆ ದಿನ. 'ಆಗಲಿ' ಅಂದ."

ಅಲ್ಲಿದ್ದ ಹೆಂಗಸರು ಬಾಯಿಗೆ ಕೈ ಅಡ್ಡವಿಟ್ಟು ನಕ್ಕರು. ಫಾದರ್ ಮೆಥೋಡಿ ಒಳಗೆ ಬಂದು, ಸತ್ತವನಿಗೆಂದು ಬೇಯಿಸಿಟ್ಟಿದ್ದ ಜೇನು ಗೋಧಿಯನ್ನು ಒಂದು ಚಮಚ ಬಾಯಿಗೆ ಹಾಕಿಕೊಂಡರು.

"ವಸೀಲನ ಗಾಡಿನೇ ತಾನೇ ಇವತ್ತೂ? ಒಳ್ಳೇದಾಯ್ತು. ಅದಾದ್ರೆ ಪ್ರಾರ್ಥನೆ ಪೂರ್ತಿ ಹೇಳ್ಬಹುದು. ಬೇರೆ ಊರಲ್ಲಿ ಸದ್ದಿನ ಗಾಡಿಗಳ ಮುಂದೆ ನಾನು ಸುಮ್ನೆ ತುಟಿ ಅಲ್ಲಾಡಿಸ್ತೀನಿ. ಗಂಟಲು ಯಾಕೆ ಹರ್ಕೋಬೇಕು?"

ಒರೀಸ್ಯಾಳ ಕೈಯಲ್ಲಿದ್ದ ಸೌಟು ನಿಂತಿತು.

"ನಮ್ಮಮ್ಮನಿಗೂ ತುಟಿ ಅಲ್ಲಾಡಿಸಿದ್ರಾ ಫಾದರ್?"

"ಅಯ್ಯೋ, ಇಪ್ಪತ್ತು ವರ್ಷದ ಮಾತು. ಯಾರಿಗೆ ನೆನಪಿರತ್ತೆ ತಾಯಿ?" ಅವರು ಗಡ್ಡದಿಂದ ಒಂದು ಗೋಧಿಕಾಳು ಹೆಕ್ಕಿ ತಿಂದರು.

ಅಷ್ಟರಲ್ಲಿ ಡ್ಯಾರಿಲ್ ಕೈಯಲ್ಲಿ ಒಂದು ಸೈಲೆನ್ಸರ್ ಹಿಡಿದು ಬಾಗಿಲಲ್ಲಿ ನಿಂತ.

"ಅತ್ತೆ, ಹಿಂದಿನದು ಬಂತು. ಆದ್ರೆ ಮಾವನಿಗೇನು ತಲೆ ಕೆಟ್ಟಿತ್ತಾ? ಕೊಳವೆ ಬಾಯನ್ನ ಹಿಂದಕ್ಕೆ ಬಿಡದೆ ಡ್ರೈವರ್ ಬಾಗಿಲ ಕಡೆಗೆ ತಿರುಗಿಸಿದಾನೆ. ಹೊಗೆಯೆಲ್ಲ ಅಲ್ಲಿ ನಿಂತವನ ಮುಖಕ್ಕೇ!"

ಪ್ರತಿ ಶವಸಂಸ್ಕಾರದಲ್ಲೂ ಗಾಡಿಯ ಹಿಂದೆ, ಗುಂಡಿಯ ಸುತ್ತ, ಜನ ನಿಂತರೆ ವಸೀಲ ಎಲ್ಲರಿಂದ ದೂರ, ಡ್ರೈವರ್ ಬಾಗಿಲ ಪಕ್ಕ, ಟೋಪಿ ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದ. ಮನೆಗೆ ಬಂದಾಗ ಅವನ ಕೋಟು ನಾರುತ್ತಿತ್ತು. ಅದಕ್ಕೂ ಅವಳು ಬೈದಿದ್ದಳು.

"ವಾಪಸ್ ಹಾಕು," ಎಂದಳು.

"ಆಗ ಕೊಯ್ಯಿ ಅಂದವಳೂ ನೀನೇ!"

"ಈಗ ಸೇರ್ಸು ಅನ್ನೋಳೂ ನಾನೇ. ಒಂದು ಚೂರು ಸದ್ದು ಬಂದ್ರೂ ಊಟ ಇಲ್ಲ ನಿಂಗೆ."

"ಜನ ಕಾಯ್ತಿದಾರೆ ಅತ್ತೆ."

"ಕಾಯ್ಲಿ. ತಿನ್ನೋಕೆ ತಾನೇ ಬಂದಿರೋದು."

ಊರಿಗೆಲ್ಲ ಅಬ್ಬರ ಹಂಚುತ್ತಿದ್ದ ಡ್ಯಾರಿಲ್ ಮುಕ್ಕಾಲು ಗಂಟೆ ಹಿಮದಲ್ಲಿ ಅಂಗಾತ ಮಲಗಿ, ಸೈಲೆನ್ಸರ್ ಮತ್ತೆ ಕೂರಿಸಿ, ಕೊಯ್ದ ಜಾಗಕ್ಕೆ ಕೊಳವೆಯ ತುಂಡು ತೊಡಿಸಿ, ಪಟ್ಟಿ ಬಿಗಿದು, ಹೊಗೆ ಸೋರುತ್ತದೆಯೇ ಎಂದು ಬರಿಗೈ ಹಿಡಿದು ನೋಡಿದ.

* * *

ಗುಡ್ಡದ ಮೇಲೆ ಪೆಟ್ಟಿಗೆ ಇಳಿಸಿದರು. ಗಾಡಿ ನಿಂತಲ್ಲೇ ಉಸಿರಾಡುತ್ತಿತ್ತು. ಫಾದರ್ ಮೆಥೋಡಿ ಪುಸ್ತಕ ತೆರೆಯುವ ಮೊದಲು ಒರೀಸ್ಯಾ ಅವರ ತೋಳು ಹಿಡಿದಳು.

"ಎರಡು ಹೆಸರು ಹೇಳ್ಬೇಕು ಫಾದರ್. ವಸೀಲ್, ಮರಿಯಾ. ತುಟಿಯಲ್ಲಿ ಅಲ್ಲ."

ಪಾದ್ರಿ ಅವಳ ಮುಖ ನೋಡಿ ಗಂಟಲು ಸರಿಮಾಡಿಕೊಂಡರು. ಎರಡು ಹೆಸರೂ ಬೇಲಿಯಾಚೆ ನಿಂತವರ ತನಕ ಕೇಳಿಸಿದವು. ಆಮೇಲೆ ಸನಿಕೆಯಿಂದ ಮಣ್ಣು ಬಿತ್ತು. ಹೆಪ್ಪುಗಟ್ಟಿದ ಹೆಂಟೆ ಹಲಗೆಗೆ ಬಡಿದದ್ದೂ, ಒಡೆದು ಪಕ್ಕಕ್ಕೆ ಉರುಳಿದ್ದೂ ಒಂದೊಂದಾಗಿ ಕೇಳಿಸಿತು.

ಒರೀಸ್ಯಾ ಗುಂಡಿಯ ಬಳಿಯಿಂದ ಸರಿದು ಗಾಡಿಯ ಡ್ರೈವರ್ ಬಾಗಿಲ ಕಡೆಗೆ ಬಂದಳು. ಕೊಳವೆಯ ಬಿಸಿಗೆ ಅಲ್ಲಿ ಹಿಮ ಕರಗಿ, ಒಬ್ಬ ಮನುಷ್ಯ ನಿಲ್ಲುವಷ್ಟು ಕಪ್ಪು ನೆಲ ಬಿಟ್ಟುಕೊಂಡಿತ್ತು. ಅವಳು ಅದರ ಮೇಲೆ ನಿಂತಳು. ಹೊಗೆ ಕೋಟಿನೊಳಗೆ ನುಗ್ಗಿತು. ಸ್ಟೆಫ್ಕಾ ಕರೆದರೂ ಕದಲಲಿಲ್ಲ.

ಅವನು ಅದನ್ನೆಲ್ಲ ಗುಡ್ಡದ ಏರಿಗಾಗಿ ಮಾಡಿದನೋ, ಊಟದ ಹೊತ್ತಿನಲ್ಲಿ ಅವಳಾಡಿದ ಆ ಒಂದು ಮಾತಿಗಾಗಿ ಮಾಡಿದನೋ, ಅವಳಿಗೆ ಗೊತ್ತಿಲ್ಲ. ನನಗೂ ಗೊತ್ತಿಲ್ಲ.