ತಂಗೆವ್ವನ ಒಂದೂವರೆ ಮಾರು

ನನ್ನ ಮೈಯ ಎರಡೂ ಕಡೆ ಏನೋ ಬರೆದಿದ್ದಾರೆ. ನನಗೆ ಓದಲು ಬಾರದು. ಓದಬಲ್ಲವರು ಹತ್ತಿರ ಬಂದು, ‘ಹದಿನೆಂಟು ಎಚ್.ಪಿ.’ ಎಂದು ಓದಿ, ಸಣ್ಣಗೆ ನಕ್ಕು ಮುಂದೆ ಹೋಗುತ್ತಿದ್ದರು. ನಾನೊಂದು ಸಣ್ಣ ಟ್ರ್ಯಾಕ್ಟರ್ ಎಂಬುದು ನನಗೆ ತಿಳಿದದ್ದು ಆ ನಗೆಯಿಂದಲೇ.

ಹುಟ್ಟಿದ್ದು ದೂರದ ಒಂದು ಕಾರ್ಖಾನೆಯಲ್ಲಿ. ಎಂಜಿನ್ ಒಂದು ಕಡೆಯಿಂದ ಬಂತು, ಗಾಲಿಗಳು ಇನ್ನೊಂದು ಕಡೆಯಿಂದ ಬಂದವು. ಇದರ ನಡುವೆ ನಾನು ಯಾವ ಗಳಿಗೆಯಲ್ಲಿ ನಾನಾದೆನೋ ಹೇಳಲಾರೆ. ಸೀಟಿಗೆ ಪ್ಲಾಸ್ಟಿಕ್ ಹೊದಿಸಿದವನೊಬ್ಬ ಬಾನೆಟ್ಟಿನ ಮೇಲೆ ಎರಡು ಸಲ ತಟ್ಟಿ ಏನೋ ಅಂದ. ಅವನ ಭಾಷೆ ತಿಳಿಯಲಿಲ್ಲ, ಹೋಗಿ ಬಾ ಅಂದನೆಂದು ಮಾತ್ರ ತಿಳಿಯಿತು. ಆಮೇಲೆ ಎರಡು ದೊಡ್ಡ ಟ್ರ್ಯಾಕ್ಟರುಗಳ ನಡುವೆ ನನ್ನನ್ನು ಕಟ್ಟಿ, ಲಾರಿಯಲ್ಲಿ ವಿಜಯಪುರಕ್ಕೆ ತಂದು ಇಳಿಸಿದರು.

ಮಾರುವವರ ಅಂಗಳದಲ್ಲಿ ಹನ್ನೊಂದು ತಿಂಗಳು ನಿಂತೆ. ಅವರು ಟ್ರ್ಯಾಕ್ಟರನ್ನೂ ಮಾರುತ್ತಿದ್ದರು, ಸಾಮಾನು ಹೇರುವ ಪಿಕಪ್ ಗಾಡಿಯನ್ನೂ ಮಾರುತ್ತಿದ್ದರು. ದೊಡ್ಡ ಟ್ರ್ಯಾಕ್ಟರುಗಳು ಹಾರ ಹಾಕಿಸಿಕೊಂಡು ಹೋದವು. ಪಿಕಪ್ಪುಗಳು ಗಾಲಿಯಡಿ ನಿಂಬೆಹಣ್ಣು ಇಡಿಸಿಕೊಂಡು ಹೋದವು. ನನ್ನ ಸೀಟಿನ ಮೇಲೆ ಮಧ್ಯಾಹ್ನ ಕಾವಲುಗಾರ ಕೂತು ಬುತ್ತಿ ಉಣ್ಣುತ್ತಿದ್ದ. ಆ ಹನ್ನೊಂದು ತಿಂಗಳಲ್ಲಿ ನನ್ನಿಂದ ಆದ ಉಪಕಾರ ಅಷ್ಟೇ.

ಒಂದು ದಿನ ಮೂವರು ಬಂದರು. ಮುಂದೆ ಎತ್ತರದ ಮನುಷ್ಯ, ದುಂಡಪ್ಪ. ಅವನ ಬಲಗೈ ಭುಜಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಅವನ ಹಿಂದೆ ತಮ್ಮ ಸಾತಪ್ಪ. ಅವನ ಹಿಂದೆ, ದುಂಡಪ್ಪನ ಎದೆಯ ಮಟ್ಟಕ್ಕೆ ಬರುವ ಅವನ ಹೆಂಡತಿ ತಂಗೆವ್ವ.

ಸಾತಪ್ಪ ನನ್ನನ್ನು ನೋಡಿದವನೇ ಅಂಗಡಿಯವನನ್ನು ಕೇಳಿದ, “ಟ್ರ್ಯಾಕ್ಟರ್ ಮರಿ ಹಾಕೈತೇನ್ರಿ ಇಲ್ಲಿ?”

ಎಲ್ಲರೂ ನಕ್ಕರು. ಪಕ್ಕದ ಬಿಳಿ ಪಿಕಪ್ಪಿನ ಬಾಗಿಲು ತೆಗೆದು ಸಾತಪ್ಪ ಒಳಗೆ ಕೂತೇಬಿಟ್ಟ. “ಅಣ್ಣಾ, ಇದನ್ನ ತಗೊಳ್ಳೂಣು. ಮುಂಜಾನೆ ಆಳ ತರಾಕ ಆತು, ಒಣದ್ರಾಕ್ಷಿ ಪ್ಯಾಟಿಗೆ ಒಯ್ಯಾಕ ಆತು. ಲಗ್ನ ಗಿಗ್ನ ಇದ್ರ ಮನಿಮಂದೆಲ್ಲಾ ಕುಂತು ಹೋಗಬಹುದು. ಆ ಮರಿ ಮ್ಯಾಲೆ ಯಾರ್ ಕುಂಡ್ರತಾರ?”

“ಎಣ್ಣಿ ಹೊಡಿಯೂದು ಹೆಂಗೋ?” ಅಂದ ದುಂಡಪ್ಪ. ಬೆಳೆಗೆ ಔಷಧ ಸಿಂಪಡಿಸುವುದಕ್ಕೆ ಅವರ ಕಡೆ ಎಣ್ಣಿ ಹೊಡಿಯೂದು ಅನ್ನುತ್ತಾರೆ.

“ಮೂಡಲ ಭಾಗಕ್ಕ ಬಾಡಿಗಿ ಟ್ರ್ಯಾಕ್ಟರ್ ಹೋಗ್ತೈತಿ. ಪಡುವಲ ಭಾಗ ಕಿತ್ತು ಹೊಸದಾಗಿ ಹಚ್ಚೂಣು. ಎಷ್ಟ್ ವರ್ಷ ಪೈಪ್ ಜಗ್ಗತಿ? ಆ ಕೈ ನೋಡಿಕೊಂಡಿ?”

ಈ ಮಾತಿನ ಹಿಂದಿನ ಕತೆ ನನಗೆ ತಿಳಿದದ್ದು ಆಮೇಲೆ. ಆದರೂ ಇಲ್ಲೇ ಹೇಳಿಬಿಡುತ್ತೇನೆ.

ಅವರದು ನಾಲ್ಕು ಎಕರೆ ದ್ರಾಕ್ಷಿ ತೋಟ. ಆ ಕಡೆಯವರು ಅದನ್ನು ಪಡ ಅನ್ನುತ್ತಾರೆ. ಐದು ವರ್ಷದ ಹಿಂದೆ ಪಡ ಹಚ್ಚುವಾಗ ದುಂಡಪ್ಪ ಸಾಲಿಗೆ ಸಾಲು ಒಂದೂವರೆ ಮಾರು ದೂರ ಇರಲಿ ಎಂದಿದ್ದ. ಎರಡೂ ಕೈ ಚಾಚಿದರೆ ಈ ಬೆರಳ ತುದಿಯಿಂದ ಆ ಬೆರಳ ತುದಿಗೆ ಒಂದು ಮಾರು. ಮೂಡಲ ಭಾಗವನ್ನು ಅವನೇ ಕೈ ಚಾಚಿ ಅಳೆದ. ಅಷ್ಟರಲ್ಲಿ ಸಸಿ ತರುವ ಲಾರಿ ದಾರಿಯಲ್ಲಿ ಕೆಟ್ಟು ನಿಂತಿತೆಂದು ಸುದ್ದಿ ಬಂದು ಅತ್ತ ಹೋದ. ಆಳುಗಳು ಸುಮ್ಮನೆ ಕೂರಬಾರದೆಂದು ಪಡುವಲ ಭಾಗವನ್ನು ತಂಗೆವ್ವ ಅಳೆದಳು. ಅವಳೂ ಒಂದೂವರೆ ಮಾರನ್ನೇ ಅಳೆದಳು, ಆದರೆ ತನ್ನ ಕೈಯಿಂದ. ಮೂಡಲಲ್ಲಿ ಇಪ್ಪತ್ತೆರಡು ಸಾಲು ಆದವು, ಅಷ್ಟೇ ನೆಲದಲ್ಲಿ ಪಡುವಲಲ್ಲಿ ಇಪ್ಪತ್ತಾರು. ಸಸಿ ಕಡಿಮೆ ಬಿದ್ದಾಗ ನರ್ಸರಿಯವನು ಎಣಿಕೆಯಲ್ಲಿ ಮೋಸ ಮಾಡಿದನೆಂದು ಬೈದು ಇನ್ನಷ್ಟು ತಂದು ಹಚ್ಚಿದರು. ಬಳ್ಳಿ ತಂತಿಗೆ ಏರಿದ ಮೇಲೆ ನಿಜ ಕಣ್ಣಿಗೆ ಬಿತ್ತು. ಕಿರಿದಾದ ಆ ಸಾಲುಗಳಲ್ಲಿ ಊರಿನ ಯಾವ ಟ್ರ್ಯಾಕ್ಟರೂ ಹೋಗದು. ಔಷಧದ ವಾಸನೆಗೆ ಆಳುಗಳೂ ಬರಲೊಲ್ಲರು. ದುಂಡಪ್ಪನೇ ಭಾರದ ಪೈಪನ್ನು ಹೆಗಲ ಮೇಲೆ ಹಾಕಿಕೊಂಡು ಇಪ್ಪತ್ತಾರು ಸಾಲೂ ಜಗ್ಗುತ್ತಿದ್ದ. ಹಾಗೆ ಜಗ್ಗಿ ಜಗ್ಗಿಯೇ ಭುಜ ಹೋಗಿತ್ತು.

ಅತ್ತಿಗೆಗೆ ಅವರ ಕಡೆ ವೈನಿ ಅನ್ನುತ್ತಾರೆ. ಅಂದಿನಿಂದ ಮನೆಯಲ್ಲಿ ಸಣ್ಣದಾದದ್ದಕ್ಕೆಲ್ಲ ‘ವೈನಿ ಮಾರು’ ಎಂದೇ ಹೆಸರು. ರೊಟ್ಟಿ ಚಿಕ್ಕದಾದರೆ ಸಾತಪ್ಪ, “ಏನ್ ವೈನಿ, ನಿಮ್ಮ ಮಾರಿನ ಅಳತೀದೇನು?” ಅನ್ನುತ್ತಿದ್ದ. ಅವಳೂ ನಗುತ್ತಿದ್ದಳು. ಆದರೆ ಮೊದಲ ಬೇಸಿಗೆಯಲ್ಲಿ ಪಂಪು ಕೆಟ್ಟಾಗ, ಕೊಡ ಹೊತ್ತು ಆ ಬಳ್ಳಿಗಳನ್ನು ಉಳಿಸಿದವಳು ಅವಳೇ. ಈಗ ಅವನ್ನು ಕೀಳುವುದೆಂದರೆ ತನ್ನ ತಪ್ಪನ್ನು ಬೇರುಸಹಿತ ಊರಿಗೆ ತೋರಿಸಿದ ಹಾಗೆ.

ನಾನು ಜನರನ್ನು ಕೆಳಗಿನಿಂದ ನೋಡುವವನು. ಪಡುವಲ ಭಾಗ ಕೀಳೋಣ ಎಂದು ಸಾತಪ್ಪ ಅಂದಾಗ, ತಂಗೆವ್ವನ ಮುಖದಲ್ಲಿ ನಗೆಯೇ ಇತ್ತು. ಕಾಲಿನ ಹೆಬ್ಬೆರಳು ಮಾತ್ರ ನೆಲವನ್ನು ಒತ್ತಿ ಹಿಡಿದಿತ್ತು.

ಅವಳು ನನ್ನ ಹಿಂಬದಿಗೆ ಬಂದಳು. ಎರಡೂ ಕೈ ಚಾಚಿ, ಹಿಂದಿನ ಗಾಲಿಗಳಿಗೆ ಎದೆ ಕೊಟ್ಟು ನಿಂತಳು.

“ವೈನಿ, ಅಪ್ಪಿಕೊಂಡ್ರ ಅದು ಮನಿಗೆ ಬರೂದಿಲ್ರಿ!” ಅಂದ ಸಾತಪ್ಪ.

“ನನ್ನ ಮಾರಿಗಿಂತ ಒಂದು ಗೇಣು ಕಡಿಮಿ ಐತಿ,” ಅಂದಳು ಅವಳು, ಗಂಡನಿಗೆ.

“ಬುಡದ ಏರಿ ಎಲ್ಲಿ ಹೋಗ್ತೈತ್ರಿ? ಆ ಕಡೆ ಒಂದು ಮೊಳ, ಈ ಕಡೆ ಒಂದು ಮೊಳ ಮಣ್ಣ ಬಂದೈತಿ,” ಅಂದ ಸಾತಪ್ಪ. ಬಳ್ಳಿಯ ಬುಡಕ್ಕೆ ಏರಿಸಿದ ಮಣ್ಣಿನ ದಿಬ್ಬವೇ ಏರಿ.

“ಅದಕ್ಕ ಆ ಅರ್ಧ ಮಾರು ಐತೆಲ್ಲೋ ತಮ್ಮಾ.”

ದುಂಡಪ್ಪ ಬಹಳ ಹೊತ್ತು ನನ್ನನ್ನೂ ಪಿಕಪ್ಪನ್ನೂ ನೋಡಿದ. ಮನೆಗೆ ಕೊಳ್ಳಲು ಆಗುವುದು ಒಂದನ್ನೇ. ಕಡೆಗೆ ಅಂಗಡಿಯವನೇ, “ನಾಳೆ ಹೊಲಕ್ಕ ಕಳಸ್ತೀವ್ರಿ, ಹೊಡೆದು ನೋಡ್ರಿ,” ಅಂದ.

“ಆತು,” ಅಂದ ದುಂಡಪ್ಪ. “ಒಂದ್ ಬಳ್ಳಿಗೂ ತಾಗಲಾರದ ಪಡುವಲ ಸಾಲು ದಾಟಿದ್ರ ಇದು ಇರಲಿ. ತಾಗ್ತಂದ್ರ ಪಿಕಪ್. ಆಮ್ಯಾಲ ಪಡುವಲ ಕೀಳೂದು. ಮಾತು ಒಂದ.”

ತಂಗೆವ್ವ ತಲೆಯಾಡಿಸಿದಳು.

ಮರುದಿನ ಅಂಗಡಿಯ ಡ್ರೈವರ್ ನನ್ನನ್ನು ಪಡಕ್ಕೆ ತಂದ. ಬೆನ್ನಿಗೆ ಔಷಧ ಊದುವ ಬ್ಲೋವರ್ ಕಟ್ಟಿದ್ದರು. ಮೂಡಲ ಸಾಲುಗಳಲ್ಲಿ ಊರ ಬೀದಿಯಲ್ಲಿ ನಡೆದ ಹಾಗೆ ನಡೆದೆ. ಪಡುವಲ ಸಾಲಿಗೆ ಮೂತಿ ಇಟ್ಟಾಗ ತಿಳಿಯಿತು, ಎರಡೂ ಪಕ್ಕೆಗೆ ಎಲೆ ತಾಗುತ್ತಿದೆ. ಹತ್ತು ಬಳ್ಳಿ ದಾಟಿದೆ. ಹನ್ನೊಂದನೆಯದರ ಹತ್ತಿರ ಬಲಗಾಲಿ ಬುಡದ ಏರಿಯನ್ನು ಹತ್ತಿತು. ನಾನು ವಾಲಿದೆ. ನನ್ನ ಮಡ್‌ಗಾರ್ಡು ಬಳ್ಳಿಯ ಕಾಂಡವನ್ನು ಸವರಿ ತೊಗಟೆ ಎದ್ದಿತು.

ಎಂಜಿನ್ ನಿಲ್ಲಿಸಿದರು. ಸಾತಪ್ಪ ನಗಲಿಲ್ಲ. ಕುಕ್ಕರಗಾಲಲ್ಲಿ ಕೂತು ಗಾಯವನ್ನು ನೋಡಿ, “ಸಾಕ್ರಿ ವೈನಿ. ಹಿಂದಕ್ಕ ತಗೀಲಿ,” ಎಂದು ಮೆಲ್ಲಗೆ ಹೇಳಿದ. ತಂಗೆವ್ವ ಒಂದಿಷ್ಟು ಹಸಿಮಣ್ಣು ತಂದು ತೊಗಟೆ ಎದ್ದ ಜಾಗಕ್ಕೆ ಮೆತ್ತಿದಳು. ನನಗೆ ಮಾತು ಬಂದಿದ್ದರೆ, ತಪ್ಪು ನಿನ್ನದಲ್ಲವ್ವಾ, ನನ್ನ ಮೈ ದಪ್ಪ, ಅನ್ನುತ್ತಿದ್ದೆ.

ಪಂಪು ದುರಸ್ತಿಗೆ ಬಂದಿದ್ದ ಮಿಸ್ತ್ರಿ ಲಾಲಸಾಬ ಬದುವಿನ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದ. ಎದ್ದು ಬಂದು ನನ್ನ ಹಿಂದಿನ ಗಾಲಿಯ ರಿಮ್ಮನ್ನು ಬೆರಳಿನಿಂದ ಬಡಿದ.

“ಗಾಲಿ ತಿರುವಿ ಯಾಕ ಹಾಕಬಾರದು?”

“ಹಂಗ ಹಾಕಾಕ ಬರ್ತೈತೇನು?” ಅಂದ ಡ್ರೈವರ್.

“ಅಲ್ಲೋ ಮಾರಾಯ, ಈ ರಿಮ್ಮು ಒಂದ ಕಡೆ ಯಾಕ ಉಬ್ಬೈತಿ? ಚಂದ ಕಾಣಲಿ ಅಂತ ಮಾಡ್ಯಾರೇನು? ಎಡಗಡೀದು ಬಲಕ್ಕ, ಬಲಗಡೀದು ಎಡಕ್ಕ ಹಾಕಿದ್ರ ಎರಡೂ ಒಳಗ ಸರಿತಾವು. ದಿನಾ ಮಾರ್ತೀರಿ, ಒಂದಿನಾನೂ ಬಗ್ಗಿ ನೋಡಿಲ್ಲ.”

“ಕಾಕಾ, ಹಾಕಿ ತೋರಸ್ರಿ,” ಅಂದಳು ತಂಗೆವ್ವ. ಸಾತಪ್ಪ, “ಮಾತು ಮುಗದೈತ್ರಿ ವೈನಿ, ತಾಗೈತಿ,” ಅಂದ. ದುಂಡಪ್ಪ ತಮ್ಮನ ಕಡೆ ನೋಡಿ, “ಮಾತು ಟ್ರ್ಯಾಕ್ಟರಿನ ಮ್ಯಾಲಿತ್ತು. ಅದು ಇನ್ನಾ ಪೂರಾ ಆಗಿಲ್ಲ ಅಂತಾನ ಲಾಲಸಾಬ. ಇನ್ನೊಂದ್ ಸಲ ಆಗಲಿ,” ಅಂದ. ಸಾತಪ್ಪ ಹೂಂ ಅಂದ. ಒಳ್ಳೆಯವನೇ ಅವನು.

ನನ್ನನ್ನು ಹೊರಗೆ ತಂದು, ಕಲ್ಲು ಜೋಡಿಸಿ, ಜಾಕಿನ ಮೇಲೆ ಎತ್ತಿದರು. ಗಾಲಿಗಳು ಅದಲು ಬದಲಾದವು. ನೆಲಕ್ಕೆ ಇಳಿದಾಗ ಉಸಿರು ಒಳಗೆ ಎಳೆದುಕೊಂಡು ನಿಂತ ಹಾಗಿತ್ತು. ಅರ್ಧ ಗೇಣಿಗಿಂತ ಹೆಚ್ಚು ಸಣ್ಣಗಾಗಿದ್ದೆ.

ಈಗ ಡ್ರೈವರ್ ಹತ್ತಲೊಲ್ಲ. ಮತ್ತೊಂದು ಬಳ್ಳಿಗೆ ತಾಗಿದರೆ ತನ್ನ ಮೇಲೆ ಬರುತ್ತದೆಂದು ದೂರ ನಿಂತ. ದುಂಡಪ್ಪನೇ ಹತ್ತಿದ. ತಂಗೆವ್ವ ನನ್ನ ಮುಂದೆ ಬಂದು, ಮುಖ ನನ್ನ ಕಡೆ ಮಾಡಿ, ಎರಡೂ ಕೈಯಿಂದ ಆಚೀಚಿನ ಕುಡಿಗಳನ್ನು ಎತ್ತಿ ಸರಿಸುತ್ತ ಹಿಂದಕ್ಕೆ ಹಿಂದಕ್ಕೆ ನಡೆದಳು.

“ಬರ್ರಿ... ಬರ್ರಿ... ಎಡಕ್ಕ ಎರಡು ಬೆರಳು... ಹಾಂ, ಬರ್ರಿ. ಇಲ್ಲಿ ನೆಲ ತಗ್ಗೈತಿ, ಸಾವಕಾಶ.”

ನಾಲ್ಕು ಜನರ ಮುಂದೆ ಗಂಡನಿಗೆ ದನಿ ಎತ್ತರಿಸಿ ಮಾತಾಡದ ಹೆಣ್ಣು. ಅವತ್ತು ಅವಳು ಅಂದಂತೆ ಅವನು, ಅವನು ತಿರುವಿದಂತೆ ನಾನು. ಹನ್ನೊಂದನೆಯ ಬಳ್ಳಿ ಬಂತು. ಗಾಲಿ ಏರಿಯ ಅಂಚಿನಲ್ಲಿ ಮಣ್ಣನ್ನು ಒಂದಿಷ್ಟು ಉದುರಿಸಿ ಕೆಳಗೇ ಉಳಿಯಿತು.

ಸಾಲಿನ ಕೊನೆಯಲ್ಲಿ ಇನ್ನೊಂದು ತೊಡಕು. ಕಂಬಗಳನ್ನು ಬಿಗಿದ ತಂತಿಗಳು ಅಲ್ಲಿ ನೆಲಕ್ಕೆ ಇಳಿದಿದ್ದವು. ಪಕ್ಕದ ಸಾಲಿಗೇ ತಿರುಗಿದರೆ ಬ್ಲೋವರ್ ತಂತಿಗೆ ಸಿಕ್ಕುತ್ತದೆ. ತಂಗೆವ್ವ ಮುಂಚೆಯೇ ಕೈ ಎತ್ತಿದಳು. “ಇಲ್ಲಿ ಹೊಳ್ಳಬ್ಯಾಡ್ರಿ. ಒಂದು ಸಾಲು ಬಿಟ್ಟು ಮೂರನೇದಕ್ಕ ಹೋಗ್ರಿ. ಬಿಟ್ಟದ್ದನ್ನ ಬರುವಾಗ ಹಿಡಿಯೂಣು.”

ಆರು ಸಾಲು ಹಾಗೆ ಹೋಗಿ ಬಂದೆವು. ಹಿಂದಿನಿಂದ ಸಾತಪ್ಪ ಒಂದೊಂದು ಕಾಂಡವನ್ನೂ ಮುಟ್ಟಿ ನೋಡುತ್ತ ನಡೆದಿದ್ದ. ಕಡೆಗೆ ಒಂದು ಹಿಡಿ ಎಲೆ ಹಿಡಿದು ಬಂದ.

“ಇಷ್ಟು ಉದುರ್ಯಾವ್ರಿ ವೈನಿ. ಇವನ್ನ ಏನಂತ ಲೆಕ್ಕ ಹಿಡಿಯೂದು?”

“ಮಾತು ಬಳ್ಳೀದಿತ್ತೋ ತಮ್ಮಾ. ಎಲೀದಲ್ಲ.”

ಅವನು ಎಲೆಗಳನ್ನು ನನ್ನ ಬಾನೆಟ್ಟಿನ ಮೇಲೆ ಹಾರದ ಹಾಗೆ ಚೆಲ್ಲಿ, “ಹೋತು ಬಿಡ್ರೆಪಾ ನನ್ನ ಪಿಕಪ್ಪು,” ಅಂದ. ಲಾಲಸಾಬ ಮೊದಲು ನಕ್ಕ, ಆಮೇಲೆ ಎಲ್ಲರೂ. ತಂಗೆವ್ವ ಸಾಲಿನ ಕೊನೆಯಲ್ಲಿ ನೆಲದ ಮೇಲೆ ಕೂತಳು. ತಂಬಿಗೆ ಎತ್ತಿ ನೀರು ಕುಡಿದಳು, ಮತ್ತೆ ಕುಡಿದಳು. ಅಷ್ಟು ನೀರಡಿಕೆ ಒಂದು ದಿನದ್ದಲ್ಲ ಅನ್ನಿಸಿತು ನನಗೆ.

ಆ ವರ್ಷ ಹೂ ಬಿಡುವ ಹೊತ್ತಿಗೆ ಮೂರು ದಿನ ಮೋಡ ಕವಿದು ಜಿಟಿಜಿಟಿ ಹಿಡಿಯಿತು. ಎಲೆಯಡಿ ಬಿಳಿ ಬೂಷ್ಟು ಹಿಡಿಯುವ ದಾವಣಿ ರೋಗ ಬರುವುದು ಅಂಥ ಹೊತ್ತಿನಲ್ಲೇ. ಮಳೆ ನಿಂತ ಮುಂಜಾನೆ ಶುರು ಮಾಡಿ ಊಟದ ಹೊತ್ತಿಗೆ ನಾಲ್ಕು ಎಕರೆಗೂ ಔಷಧ ಹೊಡೆದು ಮುಗಿಸಿದೆವು. ಎರಡೂ ಭಾಗ ಉಳಿದವು. ಪೈಪು ಕೊಟ್ಟಿಗೆಯ ಗೂಟ ಸೇರಿತು. ದುಂಡಪ್ಪನ ಕೈ ಬರಬರುತ್ತ ಮೇಲೆ ಏಳತೊಡಗಿ, ಒಂದು ದಿನ ಅವನು ತಲೆಯ ಪಟಗವನ್ನು ತಾನೇ ಸುತ್ತಿಕೊಂಡು ಹೊರಗೆ ಬಂದ. ಅದನ್ನು ಯಾರೂ ದೊಡ್ಡ ಸುದ್ದಿ ಮಾಡಲಿಲ್ಲ. ತಂಗೆವ್ವ ಮಾತ್ರ ಬಾಗಿಲಲ್ಲಿ ನಿಂತು ನೋಡಿದಳು.

ನಾಲ್ಕು ವರ್ಷದ ಮೇಲೆ ಸಾತಪ್ಪ ಪಿಕಪ್ಪನ್ನೂ ತಂದ. ನನ್ನ ಪಕ್ಕದಲ್ಲೇ ನಿಲ್ಲಿಸಿದ. ನಮ್ಮಿಬ್ಬರಲ್ಲಿ ಯಾವುದು ಮೇಲು ಎಂಬ ಮಾತು ಮತ್ತೆ ಆ ಮನೆಯಲ್ಲಿ ಬರಲಿಲ್ಲ. ಅದು ಹೊರಗೆ ಓಡಾಡಿತು, ನಾನು ಪಡದ ಒಳಗೆ. ದುಂಡಪ್ಪನಿಗೆ ಕಣ್ಣು ಮಂಜಾದ ಮೇಲೆ ಸಾತಪ್ಪ ನನ್ನನ್ನು ನಡೆಸಿದ. ಅವನಿಗೆ ಸಂತೆ, ಪೇಟೆ ಹೆಚ್ಚಾದಾಗ ತಂಗೆವ್ವ ಸೀರೆ ಎತ್ತಿ ಕಟ್ಟಿ ತಾನೇ ಹತ್ತಿದಳು. ಮೂವರಲ್ಲಿ ಗೇರು ಕಿರುಗುಟ್ಟಿಸದೆ ಹಾಕಿದವಳು ಅವಳೊಬ್ಬಳೇ.

ಬಳ್ಳಿಗಳಿಗೂ ವಯಸ್ಸಾಗುತ್ತದೆ. ಹಚ್ಚಿದ ಹದಿನೇಳನೆಯ ವರ್ಷ ಮೂಡಲ ಭಾಗದ ಕಾಂಡಗಳು ಒಳಗೇ ಟೊಳ್ಳಾಗಿ, ಅವನ್ನು ಕಿತ್ತು ಹೊಸದಾಗಿ ಹಚ್ಚಿದರು. ಪಡುವಲ ಭಾಗ ಇನ್ನೂ ಎರಡು ವರ್ಷ ಹಣ್ಣು ಕೊಟ್ಟಿತು. ಅದನ್ನು ಕೀಳುವ ಮಾತನ್ನು ದುಂಡಪ್ಪ ಎತ್ತಲಿಲ್ಲ, ಸಾತಪ್ಪನೂ ಎತ್ತಲಿಲ್ಲ. ಒಂದು ಮುಂಜಾನೆ ತಂಗೆವ್ವನೇ ಸರಪಳಿ ತಂದು ನನ್ನ ಹಿಂದೆ ಕೊಕ್ಕೆಗೆ ಹಾಕಿದಳು.

ಸಾತಪ್ಪ ಸರಪಳಿಯ ಇನ್ನೊಂದು ತುದಿಯನ್ನು ಮೊದಲ ಬಳ್ಳಿಯ ಬುಡಕ್ಕೆ ಸುತ್ತಿದ. ಅವಳು ಹತ್ತಿ ಕೂತು ಕ್ಲಚ್ಚು ಬಿಟ್ಟಳು. ಬಳ್ಳಿ ಒಂದು ಗಳಿಗೆ ತಡೆದು ನಿಂತಿತು. ಆಮೇಲೆ ಮಣ್ಣುಸಮೇತ ಎದ್ದು ಬಂತು. ಅವಳು ಇಳಿದು ಹೋಗಿ ಬೇರು ನೋಡಿದಳು.

“ವೈನಿ, ಬ್ಯಾಸರಾತೇನ್ರಿ?” ಅಂದ ಸಾತಪ್ಪ. ಅವನ ಕೂದಲೂ ಬೆಳ್ಳಗಾಗಿತ್ತು.

“ಇಲ್ಲೋ ತಮ್ಮಾ. ಇವು ವಯಸ್ಸಾಗಿ ಹೊಂಟಾವು. ನನ್ನ ತಪ್ಪಿಗೆ ಹೋಗಲಿಲ್ಲ,” ಅಂದಳು. ಸೆರಗಿನಿಂದ ಕೈಯ ಮಣ್ಣು ಒರೆಸಿಕೊಂಡು, “ಹಾಕು, ಮುಂದಿನದಕ್ಕ ಹಾಕು,” ಅಂದು ಮತ್ತೆ ಹತ್ತಿದಳು.

ಇಪ್ಪತ್ತಾರು ಸಾಲು ಮುಗಿಯಲು ಐದು ದಿನ ಹಿಡಿಯಿತು. ಅದೇ ನನ್ನ ಕೊನೆಯ ದೊಡ್ಡ ಕೆಲಸ. ಈಗ ಹೊಸ ಟ್ರ್ಯಾಕ್ಟರ್ ಬಂದಿದೆ. ನಾನು ಒಣದ್ರಾಕ್ಷಿ ಶೆಡ್ಡಿನ ಮೂಲೆಯಲ್ಲಿ ನಿಂತಿದ್ದೇನೆ. ಎಂಜಿನ್ ಚಾಲೂ ಮಾಡಿದರೆ ಹೊಗೆ ಹೆಚ್ಚು, ಸದ್ದು ಹೆಚ್ಚು, ಕಸುವು ಕಡಿಮೆ. ಮೊನ್ನೆ ಗುಜರಿಯವನು ಬಂದು ನನ್ನ ಸುತ್ತ ಒಂದು ಸುತ್ತು ಹಾಕಿ ಹೋದ. ಮುಂದಿನ ಸಲ ಅವನ ಜೊತೆ ಹೋಗಬೇಕಾದೀತು. ಮೊದಲಾಗಿದ್ದರೆ ಅಂಜುತ್ತಿದ್ದೆ. ತಂಗೆವ್ವ ಬಳ್ಳಿಗಳನ್ನು ಹೇಗೆ ಕಳಿಸಿಕೊಟ್ಟಳೆಂದು ಹತ್ತಿರದಿಂದ ನೋಡಿದ ಮೇಲೆ ಆ ಅಂಜಿಕೆ ಹೋಗಿದೆ.

ತಲೆಯ ಮೇಲಿನ ಬಲೆಗಳಲ್ಲಿ ಹೊಸ ಮೂಡಲ ಭಾಗದ ದ್ರಾಕ್ಷಿ ಒಣಗುತ್ತಿದೆ. ಗಾಳಿ ಬೀಸಿದಾಗ ಒಂದೊಂದು ಕಾಳು ಬಾನೆಟ್ಟಿನ ಮೇಲೆ ಬೀಳುತ್ತದೆ. ಸಂಜೆ ತಂಗೆವ್ವ ಬಂದು ಅದನ್ನು ಆರಿಸಿ, ಊದಿ, ಬಾಯಿಗೆ ಹಾಕಿಕೊಳ್ಳುತ್ತಾಳೆ.