ಹಾಸಿಗೆ ಹಿಡಿದವಳು

ಅತ್ತೆಗೆ ಕಾಯಿಲೆ ಬರಿಸುವ ಯೋಚನೆ ಹೊಳೆದದ್ದು ಸೊಸೆಗೆ. ಅತ್ತೆಗಾದರೋ ಹುಟ್ಟಿದಾಗಿನಿಂದ ಒಂದು ನೆಗಡಿಯೂ ನೆಟ್ಟಗೆ ಬಂದದ್ದಿಲ್ಲ. ಬೀದಿಯ ಕೊನೆಯಲ್ಲಿ ಮನೆಗೇ ಅಂಟಿಕೊಂಡಿದ್ದ ತಮ್ಮ ಲಾಂಡ್ರಿಯಲ್ಲಿ ನೆನೆದ ಕಂಬಳಿಯನ್ನು ಒಬ್ಬಳೇ ಹಿಂಡಿ, ಹೆಗಲಿಗೆ ಹಾಕಿಕೊಂಡು, ಒಣಹಾಕಲು ಮಹಡಿ ಹತ್ತುವ ಹೆಂಗಸು ಆಕೆ. ಬೀದಿಯವರು ಬೆನ್ನ ಹಿಂದೆ ಪೈಲ್ವಾನಮ್ಮ ಎನ್ನುತ್ತಿದ್ದರು. ಎದುರಿಗೆ ಅನ್ನುವ ಗಂಡಸು ಇನ್ನೂ ಹುಟ್ಟಿರಲಿಲ್ಲ.

ಯುದ್ಧ ಮುಗಿದು ವರ್ಷವಾಗುತ್ತ ಬಂದಿತ್ತು. ಗೆದ್ದೆವೆಂದು ಭಾಷಣ ಬಿಗಿದದ್ದೂ ಆಯಿತು, ಬೀದಿಗೆಲ್ಲ ದೀಪ ಹಾಕಿದ್ದೂ ಆಯಿತು, ಹುಡುಗರನ್ನು ಮಾತ್ರ ಬಿಡಲಿಲ್ಲ. ಮೊದಲು ರೈಲಿಲ್ಲ ಅಂದರು. ರೈಲು ಬಂದ ಮೇಲೆ ಮೇಲಿನಿಂದ ಆಜ್ಞೆ ಬಂದಿಲ್ಲ ಅಂದರು. ಮೇಲೆ ಅಂದರೆ ಎಲ್ಲಿ, ಅಲ್ಲಿ ಕೂತವರಿಗೆ ಮಕ್ಕಳುಮರಿ ಇಲ್ಲವೇ ಎಂದು ಕೇಳಿದರೆ ಸಾಲಿನಲ್ಲಿ ಮುಂದಿನವರು ಬನ್ನಿ ಅಂದರು. ಈ ಮನೆಯ ಮಗನನ್ನು ಹೊಲಗಳಲ್ಲಿ ಹೂತಿಟ್ಟ ಸಿಡಿಮದ್ದು ಹುಡುಕಿ ತೆಗೆಯುವ ಕೆಲಸಕ್ಕೆ ಹಾಕಿದ್ದರು. ಎದುರುಮನೆ ದರ್ಜಿಯ ಮಗನಿಗೂ ಅದೇ ಕೆಲಸ. ಇಡೀ ಯುದ್ಧದಲ್ಲಿ ಮೈಮೇಲೊಂದು ಗೀರು ಬೀಳದ ಆ ಹುಡುಗ ಶಾಂತಿಯ ಕಾಲದಲ್ಲಿ ಪೆಟ್ಟಿಗೆಯೊಳಗೆ ಮನೆಗೆ ಬಂದ. ಪೆಟ್ಟಿಗೆ ತೆರೆಯಬೇಡಿ ಎಂದು ತಂದವರು ಹೇಳಿ ಹೋದರು. ಅಂದಿನಿಂದ ಸೊಸೆ ಗಂಡನನ್ನು ಬಿಡಿಸುವ ದಾರಿ ಹುಡುಕತೊಡಗಿದಳು.

ಹೆತ್ತ ತಾಯಿ ಹಾಸಿಗೆ ಹಿಡಿದಿದ್ದು, ನೋಡಿಕೊಳ್ಳಲು ಬೇರೆ ಮಕ್ಕಳಿಲ್ಲದಿದ್ದರೆ ಅಂಥವನನ್ನು ಮೊದಲು ಬಿಡುತ್ತಾರೆಂಬ ನಿಯಮವೊಂದಿತ್ತು. ಡಾಕ್ಟರು ಎದೆ ದುರ್ಬಲವೆಂದು ಬರೆದುಕೊಟ್ಟರು; ಬರೆಯುವಾಗ ಅತ್ತೆಯ ತೋಳು ನೋಡಿ ನಗು ತಡೆದುಕೊಂಡರು. ಇನ್ನು ಸೇನೆಯ ಕಚೇರಿಯಿಂದ ವಿಚಾರಣೆಯವನು ಬಂದು ಕಣ್ಣಾರೆ ಕಂಡು ಹೋಗಬೇಕು. ಯಾವಾಗ ಬರುತ್ತಾನೆಂದು ಹೇಳುವುದಿಲ್ಲ. ಹಿಂದಿನ ಬೀದಿಯಲ್ಲಿ ಒಬ್ಬ ತಾಯಿ ಹೀಗೇ ಕಾಯಿಲೆಯೆಂದು ಹೇಳಿಸಿ, ಅವನು ಬಂದ ಹೊತ್ತಿಗೆ ನಲ್ಲಿಯ ಹತ್ತಿರ ಬಕೆಟ್ಟು ಎತ್ತುತ್ತ ಸಿಕ್ಕಿಬಿದ್ದಿದ್ದಳು. ಅವಳ ಮಗನ ಸರದಿಯನ್ನು ಎಲ್ಲರಿಗಿಂತ ಕೊನೆಗೆ ತಳ್ಳಿದರು.

ಹಾಗಾಗಿ ಅತ್ತೆ ಮಲಗಿದಳು, ಮಲಗಿಯೇ ಇದ್ದಳು.

ಮೊದಮೊದಲು ಅದೊಂದು ತಮಾಷೆಯೇ. ನೋಡಲು ಬಂದ ನೆರೆಯವರ ಮುಂದೆ ಆಕೆ ನರಳುವ ಚೆಂದಕ್ಕೆ ಸೊಸೆ ಬಾಗಿಲ ಹಿಂದೆ ಹೋಗಿ ಬಾಯಿಗೆ ಬಟ್ಟೆ ತುರುಕಿಕೊಳ್ಳುತ್ತಿದ್ದಳು. ಅವರು ಹೋದ ಮೇಲೆ ಅತ್ತೆ ಎದ್ದು ಕೂತು ಪಾಠ ಹೇಳುತ್ತಿದ್ದಳು.

"ನರಳೋದು ಅಂದ್ರೆ ಕೂಗೋದಲ್ಲ ಕಣೇ. ಉಸಿರು ಒಳಗೆ ಎಳ್ಕೋಬೇಕು, ಬಿಡೋಕೆ ಮನಸ್ಸಿಲ್ಲದೋರ ಹಾಗೆ ಬಿಡಬೇಕು. ಅದಕ್ಕೂ ಕೈಚಳಕ ಬೇಕು."

ಗೋಡೆಯಾಚೆಯ ಒಗೆತದ ಸದ್ದು ಕೇಳಿಸಿಕೊಂಡೇ, ಸೋಪು ಹೋಗಿಲ್ಲ, ಇನ್ನೊಂದು ನೀರು ಹಾಕು ಎಂದು ಮಲಗಿದಲ್ಲಿಂದಲೇ ಲಾಂಡ್ರಿ ಆಳುತ್ತಿದ್ದಳು. ವಿಚಾರಣೆಯವನು ಮಾತ್ರ ಬರಲಿಲ್ಲ. ಸೊಸೆ ಕಚೇರಿಗೆ ಅಲೆದು ಅಲೆದು ಚಪ್ಪಲಿ ಸವೆಸಿದಳು. ಈ ವಾರ ಅಂದರು, ಮುಂದಿನ ವಾರ ಅಂದರು, ಆತ ರಜೆಯಲ್ಲಿದ್ದಾನೆ ಅಂದರು. ಸಿಪಾಯಿಗಿಲ್ಲದ ರಜೆ ಅವನಿಗೆ ಹೇಗೆ ಸಿಕ್ಕಿತೋ. ಹೇಗಿದ್ದರೂ ತಡವಾಗುತ್ತಿದೆ, ಬಂದಾಗ ಇಷ್ಟು ದಪ್ಪಗಿದ್ದರೆ ಯಾರು ನಂಬುತ್ತಾರೆ ಎಂದು ಅತ್ತೆ ತಟ್ಟೆಯನ್ನು ಅರ್ಧಕ್ಕೇ ಸರಿಸತೊಡಗಿದಳು. ಕಿಟಕಿಯ ಸಂದಿಯಿಂದ ಯಾರಾದರೂ ಕಂಡಾರೆಂದು ಕೋಣೆಯೊಳಗೆ ಓಡಾಡುವುದನ್ನೂ ಬಿಟ್ಟಳು. ಸೊಸೆ ಬೈದಳು, ಗೋಗರೆದಳು. ಹಟ ಹಿಡಿದರೆ ಬಿಡುವ ಜೀವವಲ್ಲ ಅದು.

ಚಳಿ ಶುರುವಾದ ಮೇಲೆ ಒಂದು ಬೆಳಿಗ್ಗೆ ಹಾಸಿಗೆಯ ಬಟ್ಟೆ ಬದಲಿಸಲು ಅತ್ತೆಯನ್ನು ಎಬ್ಬಿಸಿದಳು. ಆಕೆ ಕಾಲು ನೆಲಕ್ಕಿಟ್ಟಳು, ನಿಲ್ಲಲಾಗಲಿಲ್ಲ. ಇಬ್ಬರೂ ನಕ್ಕರು. ಇನ್ನೊಮ್ಮೆ ಎದ್ದಾಗ ಮಂಡಿ ಮಡಚಿ ಸೊಸೆಯ ಮೇಲೆಯೇ ಕುಸಿದಳು. ಸೊಸೆ ಅವಳನ್ನು ಕೂಸಿನ ಹಾಗೆ ಎತ್ತಿ ಮಲಗಿಸಿದಳು, ಭಾರವೇ ಇರಲಿಲ್ಲ. ಆಮೇಲೆ ಯಾರೂ ನಗಲಿಲ್ಲ. ಸಾಕು ಮಾಡಿ, ಆ ನಿಯಮ ಹಾಳಾಗಿ ಹೋಗಲಿ ಎಂದು ಸೊಸೆ ಅತ್ತಳು.

"ನನ್ನ ಮಗ ಬಾಗಿಲಲ್ಲಿ ಕಾಣಲಿ, ಎದ್ದೇಳ್ತೀನಿ," ಎಂದಳು ಅತ್ತೆ. "ಅಲ್ಲೀವರೆಗೆ ಏಳಲ್ಲ."

ಕೆಮ್ಮು ಬಂತು, ಜ್ವರ ಬಂತು, ಎದೆಯಲ್ಲಿ ಕಫ ಕಟ್ಟಿತು. ಡಾಕ್ಟರು ಈ ಸಲ ನಗಲಿಲ್ಲ. ಇಷ್ಟು ದಿನ ಮಲಗೇ ಇದ್ದರೆ ಎಂಥ ಗಟ್ಟಿ ಎದೆಯೂ ತುಂಬಿಕೊಳ್ಳುತ್ತದೆ, ಏಳಿಸಬೇಕಿತ್ತು ಎಂದು ಗೊಣಗಿದರು. ಕಾಯಿಲೆ ಬರೆದುಕೊಟ್ಟವರು ತಾವೇ ಎಂಬುದು ಅವರಿಗೂ ನೆನಪಿತ್ತು, ಸೊಸೆಗೂ ನೆನಪಿತ್ತು. ಆ ವಾರವೇ ಅತ್ತೆ ಹೋದಳು. ನೆರೆಯವರಿಗೆ ಆಶ್ಚರ್ಯವೇನೂ ಆಗಲಿಲ್ಲ. ಎಷ್ಟು ದಿನದಿಂದ ನರಳುತ್ತಿದ್ದಳು, ಪಾಪ, ಬಿಡುಗಡೆಯಾಯಿತು ಎಂದರು. ದರ್ಜಿ ಹೆಗಲು ಕೊಟ್ಟ. ಹೆಗಲು ಕೊಡಬೇಕಾದ ಮಗನಿಗೆ ತಂತಿ ಹೋಗಿತ್ತು, ರಜೆ ಸಿಗಲಿಲ್ಲ.

ಮಣ್ಣು ಮಾಡಿದ ಮಾರನೆಯ ವಾರ ವಿಚಾರಣೆಯವನು ಬಂದ. ಸೊಸೆ ಇಸ್ತ್ರಿ ಹಾಕುತ್ತಿದ್ದಳು. ಮನುಷ್ಯ ಒಳ್ಳೆಯವನೇ. ಟೋಪಿ ತೆಗೆದ, ಸುತ್ತಿಟ್ಟ ಹಾಸಿಗೆ ನೋಡಿದ, ಕೊಟ್ಟ ನೀರು ಕುಡಿದ. ಸ್ವಲ್ಪ ಮುಂಚೆ ಬಂದಿದ್ದರೆ ನಿಂತ ಕಾಲಲ್ಲೇ ಸಹಿ ಹಾಕಿಬಿಡುತ್ತಿದ್ದೆ ಎಂದು ನಿಜವಾಗಿಯೂ ನೊಂದುಕೊಂಡ.

"ಈಗ ನೋಡ್ಕೊಳ್ಳೋಕೆ ರೋಗೀನೇ ಇಲ್ವಲ್ಲಮ್ಮ, ಕಾರಣಾನೇ ಹೋಯ್ತು. ಎಲ್ಲರ ಸರದಿ ಬಂದಾಗ ನಿಮ್ಮ ಯಜಮಾನ್ರದ್ದೂ ಬರುತ್ತೆ."

ಅವಳಿಗೆ ಕಿರುಚಬೇಕೆನಿಸಿತು. ಕೈಲಿದ್ದ ಇಸ್ತ್ರಿಪೆಟ್ಟಿಗೆಯನ್ನು ಅವನ ಮುಖಕ್ಕೆ ಒತ್ತಬೇಕೆನಿಸಿತು. ಆದರೆ ಗಂಡನನ್ನು ಬಿಡಿಸಬಲ್ಲವನೆಂದು ಅವಳಿಗೆ ಗೊತ್ತಿದ್ದದ್ದು ಅವನೊಬ್ಬನೇ.

"ಹೆಂಡತಿ ಕಾಯಿಲೆ ಬಿದ್ರೆ ನಡೆಯುತ್ತಾ?" ಎಂದು ಕೇಳಿದಳು.

ಅವನು ಅವಳ ತೋಳು ನೋಡಿದ. ಅತ್ತೆಯ ಪಾಲಿನ ಕಂಬಳಿಗಳನ್ನೂ ಹಿಂಡಿ ಹಿಂಡಿ ಅವು ಅತ್ತೆಯ ತೋಳುಗಳೇ ಆಗಿದ್ದವು. ನಡೆಯುತ್ತೆ, ಹೊಸದಾಗಿ ಕೇಳಬೇಕು, ಮತ್ತೆ ಬಂದು ನೋಡಬೇಕಾಗುತ್ತೆ ಎಂದು ಹೇಳಿ ಟೋಪಿ ಹಾಕಿಕೊಂಡ. ಯಾವಾಗ ಎಂದು ಅವಳು ಕೇಳಲಿಲ್ಲ.

ಅವನು ಹೋದ ಮೇಲೆ ಇಸ್ತ್ರಿಪೆಟ್ಟಿಗೆಯ ಕೆಂಡಕ್ಕೆ ನೀರು ಹಾಕಿದಳು. ಅರ್ಧ ಇಸ್ತ್ರಿಯಾದ ಅಂಗಿಯನ್ನು ಮೇಜಿನ ಮೇಲೇ ಬಿಟ್ಟು, ಬಾಗಿಲು ಮುಂದಕ್ಕೆಳೆದು, ಹಾಸಿಗೆ ಬಿಡಿಸಿದಳು. ಅತ್ತೆ ಮಲಗಿ ಮಲಗಿ ನಡುವೆ ಬಿದ್ದ ತಗ್ಗು ಹಾಗೇ ಇತ್ತು. ಅದರಲ್ಲಿ ಮಲಗಿ, ಆಕೆ ಹೇಳಿಕೊಟ್ಟಂತೆ ಉಸಿರನ್ನು ಒಳಗೆಳೆದುಕೊಂಡು, ಬಿಡಲು ಮನಸ್ಸಿಲ್ಲದವಳ ಹಾಗೆ ಬಿಟ್ಟಳು. ಕೈಚಳಕವೇನೂ ಬೇಕಾಗಲಿಲ್ಲ.